ಕಟ್ಟುವುದು ಅರ್ಧ, ಒಪ್ಪಿಸುವುದು ಅರ್ಧ

ಕಂಪ್ಯೂಟರಿಗೆ ಪ್ರೋಗ್ರಾಮುಗಳನ್ನು ಬರೆಯುವ ಉದ್ಯೋಗವು ಈಗ ನಮ್ಮ ನಾಡಿನ ಅನೇಕ ಮನೆಗಳಿಗೆ ಹೊಸದಲ್ಲ. ಮಗನೋ ಮಗಳೋ ಸೊಸೆಯೋ ಹಲವು ವರ್ಷಗಳಿಂದ ಆ ಕೆಲಸದಲ್ಲಿ ನುರಿತಿರುವ ಸಂಸಾರಗಳು ನಮ್ಮ ವಾಚಕರಲ್ಲಿಯೂ ಇರುವುವು. ಅಂತಹವರು ರಾತ್ರಿ ಊಟವಾದ ಬಳಿಕ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತು, "ಮೊಬೈಲಿಗೆ ಆ್ಯಪ್ ಮಾಡುವುದನ್ನು ಕಲಿಯುತ್ತಿದ್ದೇನೆ" ಎಂದರೆ ಹಿರಿಯರಿಗೆ ಆಶ್ಚರ್ಯವಾಗುವುದು ಸಹಜ. ಬಲ್ಲ ವಿದ್ಯೆಯನ್ನು ಮತ್ತೆ ಕಲಿಯುವುದೇಕೆ? ಇಷ್ಟು ತಿಂಗಳಾದರೂ ಮುಗಿಯದ ಕೆಲಸವೆಂತಹುದು? ಇದರ ಉತ್ತರವನ್ನು ಅರಿತರೆ ಮನೆಯ ನೆಮ್ಮದಿಗೂ ಕಲಿಯುವವರ ಉತ್ಸಾಹಕ್ಕೂ ಹಿತವಾದೀತೆಂದು ಈ ತಿಂಗಳು ನಾವು ಎರಡು ಮಾತು ಬರೆಯುವೆವು.

ಕಚೇರಿಯ ದೊಡ್ಡ ಯಂತ್ರಕ್ಕೆ ಬರೆದ ಪ್ರೋಗ್ರಾಂ ಸ್ವಂತ ಮನೆಯ ಯಜಮಾನನಿದ್ದಂತೆ. ಫೋನಿಗೆ ಬರೆದುದು ಪರರ ಮನೆಗೆ ಬಂದ ಅತಿಥಿಯಂತೆ. ಬ್ಯಾಟರಿಯನ್ನು ಮಿತವಾಗಿ ಬಳಸಬೇಕು. ಲಿಫ್ಟಿನೊಳಗೆ ಹೊಕ್ಕರೆ ಇಂಟರ್ನೆಟ್ಟು ತಪ್ಪಿಹೋಗುವುದು. ಕೆಲಸದ ನಡುವೆ ಕರೆ ಬರುವುದು. ಮೆಮೊರಿ ಸಾಲದಾದಾಗ, ಕಣ್ಣಿಗೆ ಕಾಣದಂತೆ ಹಿಂದೆ ಸರಿದಿರುವ ಆ್ಯಪನ್ನು ಆಂಡ್ರಾಯ್ಡ್ ವ್ಯವಸ್ಥೆಯು ನಿಲ್ಲಿಸಿಬಿಡುವುದು. ಫೋನನ್ನು ಅಡ್ಡ ತಿರುಗಿಸಿದ ಮಾತ್ರಕ್ಕೆ ಪರದೆಯನ್ನು ಅಳಿಸಿ ಹೊಸದಾಗಿ ಕಟ್ಟುವುದು ಅದರ ವಾಡಿಕೆ. ಉಳಿಸಿಕೊಳ್ಳುವ ಏರ್ಪಾಡು ಮಾಡಿರದಿದ್ದರೆ ಅರ್ಧ ಹಾಕಿದ ಲೆಕ್ಕ ಮಾಯವಾಗುವುದು. ಇವೆಲ್ಲಕ್ಕೂ ಮೊದಲೇ ಬಗೆ ಯೋಚಿಸಿರಬೇಕು. ಭಾಷೆಯೂ ಬೇರೆ: ಆಂಡ್ರಾಯ್ಡಿಗೆ ಕಾಟ್ಲಿನ್ ಭಾಷೆಯೇ ಮೇಲೆಂದು ಗೂಗಲ್ ಸಂಸ್ಥೆಯವರು 2019ರಲ್ಲಿ ಸಾರಿದರು, ಐಫೋನಿನವರು 2014ರಲ್ಲಿ ಸ್ವಿಫ್ಟ್ ಭಾಷೆಯನ್ನು ತಂದರು. ಹತ್ತು ವರ್ಷದ ಅನುಭವಿಯೂ ಇಲ್ಲಿ ಕೆಲಕಾಲ ಮೊದಲನೆಯ ತರಗತಿಯ ವಿದ್ಯಾರ್ಥಿಯೇ ಸರಿ.

ಇಷ್ಟಾದರೂ ಇದು ಕಟ್ಟುವ ಅರ್ಧ ಮಾತ್ರ. ಕಟ್ಟಿದುದನ್ನು ಜನರ ಕೈಗೆ ಒಪ್ಪಿಸುವುದು ಇನ್ನರ್ಧ. ಆಪಲ್ ಸಂಸ್ಥೆಯು 2008ರ ಜುಲೈಯಲ್ಲಿ ಸುಮಾರು 500 ಆ್ಯಪುಗಳೊಡನೆ ತನ್ನ ಅಂಗಡಿಯನ್ನು ತೆರೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆಂಡ್ರಾಯ್ಡಿನ ಅಂಗಡಿಯೂ ತೆರೆಯಿತು. ಗೂಗಲಿಗೆ ಒಮ್ಮೆ 25 ಡಾಲರು, ಆಪಲಿಗೆ ಸಾಮಾನ್ಯವಾಗಿ ವರ್ಷಕ್ಕೆ 99 ಡಾಲರು ತೆತ್ತು ಹೆಸರು ನೋಂದಾಯಿಸಬೇಕು. ಸಲ್ಲಿಸಿದ ಆ್ಯಪನ್ನು ಪರಿಶೀಲಿಸಿ, ಕುಂದು ಕಂಡರೆ ಹಿಂದಿರುಗಿಸುವುದೂ ಉಂಟು. ಮನೆಯವರು ವಿಶೇಷವಾಗಿ ಗಮನಿಸತಕ್ಕ ನಿಯಮವೊಂದಿದೆ. 2023ರ ನವೆಂಬರ್ ಮಧ್ಯಭಾಗದಿಂದೀಚೆಗೆ ಗೂಗಲಿನಲ್ಲಿ ಸ್ವಂತ ಹೆಸರಿನಿಂದ ಹೊಸ ಖಾತೆ ತೆರೆದವರು, ತಮ್ಮ ಆ್ಯಪನ್ನು ಸಾರ್ವಜನಿಕರಿಗೆ ಬಿಡುವ ಮುನ್ನ, ನಿಗದಿಯಾದಷ್ಟು ಜನ ಪರೀಕ್ಷಕರು ಎಡೆಬಿಡದೆ 14 ದಿನ ಅದರಲ್ಲಿ ಸೇರಿರುವಂತೆ ನೋಡಿಕೊಳ್ಳಬೇಕೆಂದು ವಿಧಿಸಿದರು. ಮೊದಲು 20 ಜನ ಬೇಕಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಿದರು. ಒಬ್ಬಂಟಿಯಾಗಿ ಕಲಿತವನು ಈ 12 ಜನರನ್ನು ಎಲ್ಲಿಂದ ತಂದಾನು?

ಒಪ್ಪಿಸುವುದರಲ್ಲಿ ವಿದ್ಯೆಗಿಂತಲೂ ಶೀಲದ ಪರೀಕ್ಷೆಯೇ ಹೆಚ್ಚು. ಹಾಲಿನ ಲೆಕ್ಕ ಬರೆದಿಡುವ ಆ್ಯಪಿಗೆ ನಮ್ಮ ಬಂಧುಮಿತ್ರರ ದೂರವಾಣಿ ಸಂಖ್ಯೆಗಳೇಕೆ? ನಾವು ಎಲ್ಲಿರುವೆವೆಂಬ ಸುದ್ದಿಯೇಕೆ? ಬೇಡದ ಅನುಮತಿಯನ್ನು ಕೇಳದಿರುವುದು ಪರರ ಮನೆಯ ಬೀರುವನ್ನು ತೆರೆಯದಿರುವಷ್ಟೇ ಸಹಜವಾದ ಮರ್ಯಾದೆ. ಬಿಡುಗಡೆಯಾದ ಮೇಲೂ ಹೊಣೆ ತೀರದು. ಬಳಸುವವರ ದೂರುಗಳನ್ನು ಓದಿ ತಿದ್ದಬೇಕು. ಆಂಡ್ರಾಯ್ಡಿನ ಹೊಸ ಆವೃತ್ತಿಗಳು ಬಂದಂತೆ ಹೊಂದಿಸುತ್ತಿರಬೇಕು. ಬಹುಕಾಲ ಹೊಂದಿಸದೆ ಬಿಟ್ಟ ಆ್ಯಪು ಹೊಸ ಫೋನು ಕೊಂಡವರಿಗೆ ಅಂಗಡಿಯಲ್ಲಿ ಕಾಣದೆ ಹೋಗುವುದು.

ಈ ಹೊಣೆಯ ಭಾರ ಎಷ್ಟೆಂಬುದಕ್ಕೆ ವಿಯೆಟ್ನಾಮಿನ ಡಾಂಗ್ ನುಯೆನ್ ಎಂಬವರ ವೃತ್ತಾಂತವಿದೆ. ಅವರು ಒಬ್ಬರೇ ರಚಿಸಿದ 'ಫ್ಲಾಪಿ ಬರ್ಡ್' ಎಂಬ ಪುಟ್ಟ ಆಟವು 2013ರ ಮೇ ತಿಂಗಳಲ್ಲಿ ಹೊರಬಂದು, 2014ರ ಆರಂಭದಲ್ಲಿ ಲೋಕವಿಖ್ಯಾತವಾಯಿತು. ಹಣ ಧಾರಾಳವಾಗಿ ಬರುತ್ತಿರುವಾಗಲೇ, ಅದೇ ಫೆಬ್ರವರಿಯಲ್ಲಿ ಅವರು ಆಟವನ್ನು ಅಂಗಡಿಗಳಿಂದ ಹಿಂತೆಗೆದುಕೊಂಡರು. ಆಟವು ಜನರಿಗೆ ಚಟವಾಗಿ ಪರಿಣಮಿಸಿತೆಂಬುದೇ ಅವರು ಕೊಟ್ಟ ಕಾರಣ. ಎಲ್ಲರೂ ಹಾಗೆಯೇ ಮಾಡಬೇಕೆಂದು ನಾವು ಹೇಳೆವು. ಆದರೆ ತಾನು ಮಾಡಿದುದು ಪರರ ಹಗಲಿರುಳನ್ನು ಏನು ಮಾಡುತ್ತಿದೆಯೆಂದು ಕರ್ತೃವು ವಿಚಾರಿಸಬೇಕೆಂಬುದರಲ್ಲಿ ಸಂದೇಹವಿಲ್ಲ.

ಆದಕಾರಣ ಕಲಿಯುವವರಿಗೆ ನಮ್ಮ ಸೂಚನೆ ಇಷ್ಟೆ: ಮೊದಲನೆಯ ಆ್ಯಪು ಚಿಕ್ಕದಾಗಿರಲಿ; ಅಜ್ಜಿಯ ಔಷಧಿಯ ವೇಳೆಯನ್ನು ನೆನಪಿಸುವಂತಹುದಾದರೂ ಸಾಕು; ಆದರೆ ಅದು ಪೂರ್ಣವಾಗಿ ಜನರ ಕೈ ಸೇರಲಿ. ಅರ್ಧಕ್ಕೆ ನಿಂತ ಹತ್ತು ದೊಡ್ಡ ಯೋಜನೆಗಳು ಕಲಿಸದುದನ್ನು ಕೈ ಸೇರಿದ ಚಿಕ್ಕದೊಂದು ಕಲಿಸುವುದು.

ಇನ್ನು ಹಿರಿಯರಿಗೆ. "ಇದರಿಂದ ಎಷ್ಟು ಬಂತು?" ಎಂದು ಮೊದಲೇ ಕೇಳಬೇಡಿರಿ. ಆ 12 ಜನರಲ್ಲಿ ಆಂಡ್ರಾಯ್ಡ್ ಫೋನುಳ್ಳ ಸೋದರಮಾವ, ಚಿಕ್ಕಮ್ಮ, ನೆರೆಮನೆಯವರು ಸೇರಲಿ. 14 ದಿನ ಬಿಡದೆ ಉಪಯೋಗಿಸಿರಿ. ಅಕ್ಷರ ಚಿಕ್ಕದಾಗಿದ್ದರೆ ಚಿಕ್ಕದೆನ್ನಿರಿ. ಯಾವ ಗುಂಡಿಯನ್ನು ಒತ್ತಬೇಕೆಂದು ತಿಳಿಯದಿದ್ದರೆ ತಿಳಿಯಲಿಲ್ಲವೆನ್ನಿರಿ. ದಾಕ್ಷಿಣ್ಯಕ್ಕೆ "ಚೆನ್ನಾಗಿದೆ" ಎಂದರೆ, ಆ ಕುಂದನ್ನು ನಾಳೆ ಅಪರಿಚಿತರು ಕಟುವಾಗಿ ಹೇಳುವರು. ಮನೆಯವರ ಬಾಯಿಂದ ಪ್ರೀತಿಯೊಡನೆ ಬಂದ ನಿಜವಾದ ಮಾತು ಕಲಿಯುವವರಿಗೆ ಯಾವ ಪುಸ್ತಕದಲ್ಲಿಯೂ ದೊರೆಯದ ಪಾಠ.