ಓಟದ ಆಟವೂ ಎರೆನೆಲದ ರಸ್ತೆಯೂ

ಮೋಟಾರು ಪಂದ್ಯದ ವಿಡಿಯೋ ಆಟವು ಈಗ ಮಹಾನಗರಗಳ ಸಿರಿವಂತ ಮಕ್ಕಳ ಸೊತ್ತಾಗಿ ಉಳಿದಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ವಿದ್ಯಾರ್ಥಿಯೂ ಅಂಗೈಯಗಲದ ಮೊಬೈಲನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತ, ತಾನೆಂದೂ ಕಾಣದ ಯೂರೋಪಿನ ಪಂದ್ಯಪಥದಲ್ಲಿ ಗಂಟೆಗೆ 300 ಕಿಲೋಮೀಟರು ವೇಗದಿಂದ ಕಾರನ್ನು ಓಡಿಸಬಲ್ಲನು. ಇದನ್ನು ಕಂಡು ಹಿರಿಯರು ಎರಡು ಪಕ್ಷವಾಗಿದ್ದಾರೆ. ಇದು ಕಾಲಹರಣದ ವ್ಯಸನ, ಹುಡುಗರ ತಲೆಗೆ ವೇಗದ ಹುಚ್ಚನ್ನು ಹತ್ತಿಸುವ ಪಿಡುಗು ಎಂಬುದು ಒಂದು ಪಕ್ಷ. ಆಡಿದರೆ ಕಣ್ಣೂ ಕೈಯೂ ಚುರುಕಾಗುತ್ತವೆ, ಮುಂದೆ ಗಾಡಿ ನಡೆಸಲು ಅನುಕೂಲವೇ ಆಯಿತು ಎಂಬುದು ಇನ್ನೊಂದು. ನಮಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಒಳ್ಳೆಯ ಓಟದ ಆಟವೆಂದರೆ ಭೌತಶಾಸ್ತ್ರದ ಒಂದು ಲೆಕ್ಕ. ಅದರ ಸೂತ್ರ ನಂಬತಕ್ಕುದೇ. ಆದರೆ ಸೂತ್ರದೊಳಗೆ ಹಾಕಿರುವ ಅಂಕಿಗಳು ನಮ್ಮ ಊರಿನವಲ್ಲ. ಈ ಭೇದವನ್ನರಿಯದೆ ಆಟದಿಂದೆದ್ದು ಮೋಟಾರು ಸೈಕಲ್ಲನ್ನು ಏರುವ ತರುಣನ ವಿಷಯದಲ್ಲಿಯೇ ನಮ್ಮ ಚಿಂತೆ.

ಈ ಆಟಗಳು ಮೊದಲಿನಿಂದಲೂ ಇಂಥ ಲೆಕ್ಕವನ್ನು ಮಾಡುತ್ತಿದ್ದುವೆಂದು ತಿಳಿಯಬಾರದು. 1974ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಹೊರತಂದ ‘ಗ್ರ್ಯಾನ್ ಟ್ರ್ಯಾಕ್ 10’ ಎಂಬ ಯಂತ್ರದಲ್ಲಿ ಚುಕ್ಕಾಣಿ, ಗೇರು, ಬ್ರೇಕು ಎಲ್ಲವೂ ಇದ್ದುವು. ಮೈಕ್ರೊಪ್ರೊಸೆಸರ್ ಮಾತ್ರ ಇರಲಿಲ್ಲ. 1982ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆಯ ‘ಪೋಲ್ ಪೊಸಿಷನ್’ ಬಂದಿತು. ಫ್ಯೂಜಿಯ ನಿಜವಾದ ಪಂದ್ಯಪಥವನ್ನು ಅನುಕರಿಸಿದ ಈ ಆಟ ಅಂದಿನ ಕಣ್ಣಿಗೆ ಬೆರಗು. 1984ರಲ್ಲಿ ಇಂಗ್ಲೆಂಡಿನ ಜೆಫ್ ಕ್ರಾಮಂಡ್ ಎಂಬವರು, ಇಂದಿನ ಸಾಧಾರಣ ಮೊಬೈಲಿನೆದುರು ಏನೇನೂ ಅಲ್ಲದ ಬಿಬಿಸಿ ಮೈಕ್ರೊ ಗಣಕಯಂತ್ರಕ್ಕಾಗಿ ‘ರೆವ್ಸ್’ ಎಂಬ ಆಟವನ್ನು ರಚಿಸಿದರು. ಅವರು ಭೌತಶಾಸ್ತ್ರವನ್ನು ಓದಿದವರು; ಕಾರಿನ ಚಿತ್ರಕ್ಕಿಂತ ಕಾರಿನ ನಡತೆಯನ್ನು ಗಣಿಸುವುದರ ಕಡೆಗೆ ಅವರ ಮನಸ್ಸು ಹರಿಯಿತು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರಬಂದ ಕಝುನೊರಿ ಯಮೌಚಿ ಅವರ ‘ಗ್ರ್ಯಾನ್ ಟುರಿಸ್ಮೊ’ ಇದೇ ದಾರಿಯನ್ನು ಮನೆಮನೆಗೆ ಮುಟ್ಟಿಸಿತು. 2007ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್ 2’ ಎಂಬ ಆಟವು ಒಂದು ಸೆಕೆಂಡಿನಲ್ಲಿ 60 ಚಿತ್ರಗಳನ್ನು ತೋರಿಸುತ್ತಿತ್ತು; ಆದರೆ ಕಾರಿನ ಚಲನೆಯ ಲೆಕ್ಕವನ್ನು ಅದೇ ಸೆಕೆಂಡಿನಲ್ಲಿ 360 ಸಲ ಮಾಡುತ್ತಿತ್ತು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ವಾಹನವು ಸೆಕೆಂಡಿನ 360ನೆಯ ಒಂದು ಭಾಗದಲ್ಲಿ ನಾಲ್ಕೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಅಷ್ಟಷ್ಟು ದೂರಕ್ಕೆ ಒಮ್ಮೆ ನ್ಯೂಟನ್ನನ ನಿಯಮಗಳನ್ನು ಬಿಡಿಸಿ ನೋಡುತ್ತದೆಂದಾಯಿತು. ಇಂಥ ಯಂತ್ರವನ್ನು ಆಟಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಬಿಡಿಸಬೇಕಾದ ಸಮಸ್ಯೆ ಯಾವುದು? ಕಾರಿಗೂ ಭೂಮಿಗೂ ಇರುವ ಸಂಬಂಧವೆಲ್ಲ ನಾಲ್ಕು ಟೈರುಗಳ ಅಡಿಯಲ್ಲಿ, ಒಂದೊಂದೂ ಅಂಗೈಯಷ್ಟಗಲದ ನಾಲ್ಕು ತುಂಡು ನೆಲದಲ್ಲಿ ಅಡಗಿದೆ. ವೇಗವನ್ನು ಹೆಚ್ಚಿಸುವುದು, ತಗ್ಗಿಸುವುದು, ತಿರುಗುವುದು ಈ ಮೂರೂ ಅಲ್ಲಿ ಹುಟ್ಟುವ ಘರ್ಷಣೆಯ ಕೊಡುಗೆ. ತಿರುವಿನಲ್ಲಿ ಚಕ್ರವು ಮುಖಮಾಡಿದ ದಿಕ್ಕಿಗೂ ಅದು ವಾಸ್ತವವಾಗಿ ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನ ಏರ್ಪಡುತ್ತದೆ, ಇದನ್ನು ಜಾರುಕೋನವೆನ್ನೋಣ. ಕೋನವು ಹೆಚ್ಚಿದಂತೆ ಮೊದಮೊದಲು ಟೈರಿನ ಹಿಡಿತವೂ ಹೆಚ್ಚುತ್ತದೆ. ಕೆಲವೇ ಡಿಗ್ರಿಗಳಲ್ಲಿ ಅದು ಶಿಖರವನ್ನು ಮುಟ್ಟಿ, ಅಲ್ಲಿಂದಾಚೆಗೆ ಇಳಿಯತೊಡಗುತ್ತದೆ. ಶಿಖರದ ಈಚೆಗಿದ್ದರೆ ಸವಾರನು ಗಾಡಿಯ ಯಜಮಾನ. ಆಚೆಗೆ ದಾಟಿದರೆ ಹೆಚ್ಚು ತಿರುಗಿಸಿದಷ್ಟೂ ಕಡಮೆ ತಿರುಗುವ ವಿಚಿತ್ರ ಪ್ರಾಪ್ತವಾಗುತ್ತದೆ. ಆಟದಲ್ಲಿ ಕಾರು ದಿಢೀರನೆ ಗಿರಕಿ ಹೊಡೆಯುವುದನ್ನು ಕಂಡವರೆಲ್ಲ ಈ ವಕ್ರರೇಖೆಯ ಇಳಿಜಾರನ್ನು ಕಂಡವರೇ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಘರ್ಷಣೆಯ ಮಿತಿಯನ್ನು ಕೈಬೆರಳಿಗೆ ತಿಳಿಯುವಂತೆ ಕಲಿಸುವ ಸಾಧನ ಇದಕ್ಕಿಂತ ಅಗ್ಗವಾಗಿ ಇನ್ನೊಂದಿಲ್ಲವೆಂದೇ ನಮ್ಮ ಮತ.

ಈ ವಕ್ರರೇಖೆಯನ್ನು ಗಣಿತದಲ್ಲಿ ಹಿಡಿದಿಟ್ಟವರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾನಿಲಯದ ಹಾನ್ಸ್ ಪಾಸೇಕ (1934–2017) ಮುಖ್ಯರು. 1987ರಲ್ಲಿ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ಸೂತ್ರಕ್ಕೆ ‘ಮ್ಯಾಜಿಕ್ ಫಾರ್ಮುಲಾ’ ಎಂಬ ಹೆಸರು ನಿಂತಿತು. ಅನೇಕ ಆಟಗಳ ರಚಕರು ಇದನ್ನೋ ಇದರ ರೂಪಾಂತರವನ್ನೋ ಬಳಸುತ್ತಾರೆ. ಹೆಸರಿನಲ್ಲಿ ಮಾಯೆ ಏಕೆ ಬಂದಿತು? ರಬ್ಬರಿನ ಅಣುಗಳಿಂದ ಹೊರಟು ತರ್ಕದಿಂದ ಸಾಧಿಸಿದ ಸೂತ್ರ ಇದಲ್ಲ. ಟೈರನ್ನು ಪರೀಕ್ಷಾಯಂತ್ರದಲ್ಲಿ ಓಡಿಸಿ, ಬಲವನ್ನು ಅಳೆದು, ಬಂದ ಬಿಂದುಗಳಿಗೆ ಹೊಂದುವಂತೆ ಸೈನ್ ಮತ್ತು ವಿಲೋಮ ಟ್ಯಾಂಜೆಂಟುಗಳನ್ನು ಜೋಡಿಸಿದ್ದು. ಅದರಲ್ಲಿ ಮುಖ್ಯವಾಗಿ ನಾಲ್ಕು ಗುಣಾಂಕಗಳುಂಟು. ಯಾವ ಟೈರು, ಯಾವ ನೆಲ ಎಂಬುದರ ಮೇಲೆ ಅವುಗಳ ಬೆಲೆ ನಿಂತಿದೆ. ಅಳೆದವರಿಗೆ ಸೂತ್ರವು ಸತ್ಯವನ್ನು ನುಡಿಯುತ್ತದೆ. ಅಳೆಯದವರಿಗೂ ಅದು ಅಷ್ಟೇ ಧೈರ್ಯದಿಂದ ಉತ್ತರ ಹೇಳುತ್ತದೆ. ಇಲ್ಲಿಯೇ ತೊಡಕು.

2011ರ ಒಂದು ಸಂಗತಿಯನ್ನು ನೋಡಬಹುದು. ದೆಹಲಿಯ ಸಮೀಪ ಗ್ರೇಟರ್ ನೋಯ್ಡಾದ ಬುದ್ಧ ಪಂದ್ಯಪಥದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆದದ್ದು ಆ ವರ್ಷದ ಅಕ್ಟೋಬರ್ 30ರಂದು. ಆದರೆ ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್ ಸಂಸ್ಥೆಯ ‘ಎಫ್1 2011’ ಎಂಬ ಆಟವು ಸೆಪ್ಟೆಂಬರಿನಲ್ಲಿಯೇ ಮಾರುಕಟ್ಟೆಗೆ ಬಂದಿತ್ತು. ಅದರಲ್ಲಿ ಬುದ್ಧ ಪಥವೂ ಇತ್ತು. ನಿಜವಾದ ಕಾರುಗಳ ಚಕ್ರ ಸೋಕುವುದಕ್ಕೆ ಮುಂಚೆಯೇ ಆಟಗಾರರು ಆ ಪಥವನ್ನು ಸುತ್ತಿದ್ದರು! ತಿರುವುಗಳು, ಏರಿಳಿತಗಳು ನಕ್ಷೆಯಿಂದ ಸಿಕ್ಕುವಂಥವು. ಪಂದ್ಯದ ದಿನಗಳಲ್ಲಿ ಚಾಲಕರನ್ನು ಕಾಡಿದ್ದೋ ಪಥದ ಅಂಚಿನ ಧೂಳು. ಚಕ್ರಗಳು ಸದಾ ಉಜ್ಜುವ ಸಾಲನ್ನು ಬಿಟ್ಟು ಪಕ್ಕಕ್ಕೆ ಸರಿದರೆ ಹಿಡಿತ ತಪ್ಪುತ್ತಿತ್ತು. ಇನ್ನೂ ಬೀಳದ ಧೂಳನ್ನು ಯಾವ ಆಟದ ರಚಕನು ಅಳೆದಾನು?

ನೂರಾರು ಕೋಟಿ ರೂಪಾಯಿ ಸುರಿದು ಕಟ್ಟಿದ ಪಂದ್ಯಪಥದ ಪಾಡೇ ಹೀಗಿರಲಾಗಿ ಭೀಮಾತೀರದ ರಸ್ತೆಯ ಮಾತೇನು? ಈ ಮೂರು ತಾಲ್ಲೂಕುಗಳ ಬಹುಭಾಗ ಎರೆನೆಲ. ಎರೆಮಣ್ಣಿನ ಜೇಡಿಯ ಕಣಗಳು ನೀರನ್ನು ತಮ್ಮ ಪದರಗಳ ನಡುವೆ ಹೀರಿ ಉಬ್ಬುತ್ತವೆ, ಒಣಗಿದರೆ ಕುಗ್ಗಿ ಬಿರಿಯುತ್ತವೆ. ತೊಗರಿಯನ್ನೂ ಜೋಳವನ್ನೂ ಬೆಳೆಯಿಸುವ ಗುಣ ಅದೇ; ರಸ್ತೆಯ ಮೇಲೆ ಸವಾರನನ್ನು ಕೆಡಹುವ ಗುಣವೂ ಅದೇ. ಮಳೆಗಾಲದಲ್ಲಿ ಹೊಲದಿಂದ ಏರಿಬರುವ ಟ್ರ್ಯಾಕ್ಟರಿನ ಗಾಲಿಗಳು ಆ ಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗುತ್ತವೆ. ಒಂದು ಹನಿ ಬಿದ್ದರೆ ಸಾಕು, ಅದು ಎರಕದೆಣ್ಣೆಯಂತೆ ವರ್ತಿಸುತ್ತದೆ. ಕಬ್ಬಿನ ಸುಗ್ಗಿಯಲ್ಲಿ ರಾತ್ರಿಯ ಹೊತ್ತು ಹಿಂಬದಿಯ ದೀಪವಿಲ್ಲದೆ ನಿಂತ ಟ್ರೇಲರನ್ನು ಬಲ್ಲವರೇ ಬಲ್ಲರು. ತೊಗರಿಯ ಕಟ್ಟನ್ನು ರಸ್ತೆಯ ಮೇಲೆಯೇ ಹರವಿ, ಹೋಗಿಬರುವ ವಾಹನಗಳಿಂದ ರಾಶಿ ಮಾಡಿಸಿಕೊಳ್ಳುವ ರೂಢಿಯೂ ನಮ್ಮ ನಾಡಿನಲ್ಲುಂಟು. ರೈತನಿಗೆ ಕಣ ಮಾಡಲು ಬೇರೆ ಗಟ್ಟಿನೆಲವಿಲ್ಲದಾಗ ಅವನನ್ನು ಬೈದು ಫಲವಿಲ್ಲವೆನ್ನಿ.

ಈಗ ಒಂದು ಲೆಕ್ಕ. ಬ್ರೇಕು ಹಿಡಿದ ಮೇಲೆ ವಾಹನವು ಸಾಗುವ ದೂರವನ್ನು ತಿಳಿಯಬೇಕಾದರೆ, ವೇಗದ ವರ್ಗವನ್ನು ಘರ್ಷಣ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಇಮ್ಮಡಿಯಿಂದ ಭಾಗಿಸತಕ್ಕದ್ದು. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ 16.7 ಮೀಟರು. ಒಣ ಡಾಂಬರಿನ ಗುಣಾಂಕವನ್ನು 0.7 ಎಂದು ಹಿಡಿದರೆ ದೂರ ಸುಮಾರು 20 ಮೀಟರು. ಕೆಸರು ಬಳಿದ ಡಾಂಬರಿಗೆ 0.2 ಎಂದಿಟ್ಟುಕೊಂಡರೆ ಅದು 71 ಮೀಟರಾಗುತ್ತದೆ. ಅಪಾಯವನ್ನು ಕಂಡು ಬ್ರೇಕಿಗೆ ಕೈ ಹೋಗುವುದಕ್ಕೆ ಹಿಡಿಯುವ ಒಂದು ಸೆಕೆಂಡಿನ 17 ಮೀಟರನ್ನು ಎರಡಕ್ಕೂ ಕೂಡಿಸಿರಿ: 37 ಮೀಟರು, 88 ಮೀಟರು. ತಿರುವಿನ ಲೆಕ್ಕವೂ ಹೀಗೆಯೇ. 50 ಮೀಟರು ತ್ರಿಜ್ಯದ ಸಮತಟ್ಟಾದ ತಿರುವನ್ನು ಒಣ ರಸ್ತೆಯಲ್ಲಿ ಗಂಟೆಗೆ 66 ಕಿಲೋಮೀಟರಿನವರೆಗೂ ದಾಟಬಹುದು. ಕೆಸರಿನಲ್ಲಿ 35 ಕಿಲೋಮೀಟರೇ ಮಿತಿ. ಈ ಲೆಕ್ಕವು ಜಾರುವ ದೂರದ್ದು ಮಾತ್ರ. ಆಟದ ಕಾರಿಗೆ ನಾಲ್ಕು ಚಕ್ರ. ನಮ್ಮ ಹುಡುಗರದು ಎರಡು ಚಕ್ರದ ಗಾಡಿ. ನಾಲ್ಕು ಚಕ್ರದ್ದು ಜಾರಿದರೆ ಬಹುಮಟ್ಟಿಗೆ ನೆಟ್ಟಗೆ ನಿಂತೇ ಜಾರುತ್ತದೆ. ಎರಡು ಚಕ್ರದ್ದರ ಮುಂಗಾಲಿ ಬಿಗಿದು ಜಾರಿತೆಂದರೆ ಸವಾರನು ನೆಲಕ್ಕೆ ಬಿದ್ದೇ ಜಾರುತ್ತಾನೆ.

ಆಟದಿಂದ ಚಾಲನೆಯನ್ನು ಕಲಿಯಲು ಸಾಧ್ಯವೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ನಿಸ್ಸಾನ್ ಮತ್ತು ಸೋನಿ ಸಂಸ್ಥೆಗಳು 2008ರಲ್ಲಿ ಆರಂಭಿಸಿದ ‘ಜಿಟಿ ಅಕಾಡೆಮಿ’ಯು ‘ಗ್ರ್ಯಾನ್ ಟುರಿಸ್ಮೊ’ ಆಟಗಾರರಿಂದ ನಿಜವಾದ ಪಂದ್ಯಚಾಲಕರನ್ನು ಆರಿಸಿತು. 2011ರಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ 2013ರ ಲ ಮಾನ್ಸ್ ಪಂದ್ಯದಲ್ಲಿ ತಮ್ಮ ತಂಡದೊಡನೆ ತಮ್ಮ ವರ್ಗದಲ್ಲಿ ಮೂರನೆಯ ಸ್ಥಾನ ಗಳಿಸಿದರು. ಅವರ ಕಥೆಯನ್ನು ಕುರಿತ ಚಲನಚಿತ್ರವು 2023ರಲ್ಲಿ ಬಂದಿತು. ತೆರೆಯ ಮೇಲಿನ ಗೆಲುವಿಗೂ ಪಂದ್ಯಕ್ಕೂ ನಡುವೆ ಅವರು ನಿಜವಾದ ಕಾರುಗಳಲ್ಲಿ ಪಡೆದ ತಿಂಗಳುಗಟ್ಟಲೆಯ ಶಿಕ್ಷಣವನ್ನು ನಮ್ಮ ತರುಣರು ಮರೆಯುತ್ತಾರೆ. ಅದೇ ಚಾಲಕರ ಕಾರು 2015ರ ಮಾರ್ಚಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ಒಂದು ದಿಬ್ಬದ ಮೇಲೆ, ಮುಂಭಾಗದಡಿ ಗಾಳಿ ಹೊಕ್ಕು ಮೇಲೆದ್ದು, ಬೇಲಿಯನ್ನು ದಾಟಿ ಬಿದ್ದಿತು. ಪ್ರೇಕ್ಷಕರೊಬ್ಬರು ತೀರಿಕೊಂಡರು. ಆಟದಲ್ಲಿ ಬೇಲಿಯಾಚೆಗಿನ ಜನ ಬರಿಯ ಚಿತ್ರ.

ನಮ್ಮ ರಸ್ತೆಗಳಲ್ಲಿ ಬೇಲಿಯೇ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಇವುಗಳಲ್ಲಿ ಶೇಕಡ 70ಕ್ಕೂ ಮೀರಿದ ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಗೇರಿನ ಮೋಟಾರು ಸೈಕಲ್ಲನ್ನು ನಡೆಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತನ ಅಪರಾಧಕ್ಕೆ ಪೋಷಕರಿಗೋ ವಾಹನದ ಮಾಲೀಕರಿಗೋ ಮೂರು ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಉಂಟು. ಹೀಗಿದ್ದೂ ಪ್ರೌಢಶಾಲೆಯ ಹುಡುಗನ ಕೈಗೆ ಕೀಲಿಕೈ ಕೊಟ್ಟು, ಆಟದ ಮೊಬೈಲನ್ನು ಮಾತ್ರ ಕಸಿದುಕೊಳ್ಳುವ ತಂದೆಯ ವಿವೇಕವನ್ನು ಏನೆನ್ನೋಣ?

ಇನ್ನೊಂದು ಮಾತು. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿ, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ವಶಕ್ಕೆ ಹೋದ ‘ಧ್ರುವ’ ಎಂಬ ಆಟದ ಕಾರ್ಯಾಲಯವು ‘ಫೋರ್ಜಾ’ ಮಾಲೆಗೂ ಕಲಾಕೆಲಸವನ್ನು ಮಾಡಿಕೊಟ್ಟಿತ್ತು. ಆ ಮಾಲೆಯ ‘ಹೊರೈಜನ್’ ಆಟಗಳು 2016ರಲ್ಲಿ ಆಸ್ಟ್ರೇಲಿಯವನ್ನೂ 2018ರಲ್ಲಿ ಬ್ರಿಟನ್ನನ್ನೂ 2021ರಲ್ಲಿ ಮೆಕ್ಸಿಕೊವನ್ನೂ ತೆರೆಗೆ ತಂದವು. ಹೀಗೆ ಕನ್ನಡನಾಡಿನಲ್ಲಿ ಕೈಗೂಡಿದ ಕೆಲಸ ಹೊರನಾಡುಗಳ ರಸ್ತೆಗಳಲ್ಲಿ ಓಡಿತು. ಅಫಜಲಪುರದ ರಸ್ತೆಯನ್ನು ಆಟಕ್ಕೆ ತರುವವರು ಹೊರಗಿನಿಂದ ಬಂದಾರೆಂದು ಕಾಯುವುದು ವ್ಯರ್ಥ. ಅದಕ್ಕೆ ಬೇಕಾದ ಮೊದಲ ಅಂಕಿಯನ್ನು ಶಾಲೆಯ ಅಂಗಳದಲ್ಲಿಯೇ ಪಡೆಯಬಹುದು.

ಹಳೆಯ ಟೈರಿನ ತುಂಡೊಂದನ್ನು ಇಟ್ಟಿಗೆಯ ಅಡಿಗೆ ಬಿಗಿದು ಕಟ್ಟಿರಿ. ಮೀಟರುದ್ದದ ಒರಟು ಹಲಗೆಯ ಮೇಲೆ ಅದನ್ನಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಬಂದರೆ ಒಂದು ಕೋನದಲ್ಲಿ ಇಟ್ಟಿಗೆ ಜಾರತೊಡಗುತ್ತದೆ. ಆ ಕೋನದ ಟ್ಯಾಂಜೆಂಟೇ ಘರ್ಷಣ ಗುಣಾಂಕ. 35 ಡಿಗ್ರಿಗೆ ಜಾರಿದರೆ 0.7, ಸುಮಾರು 11 ಡಿಗ್ರಿಗೇ ಜಾರಿದರೆ 0.2. ಇಟ್ಟಿಗೆ ಒಂದಿರಲಿ ಎರಡಿರಲಿ, ಕೋನ ಹೆಚ್ಚುಕಡಮೆ ಅದೇ ಬರುವುದನ್ನು ನೋಡಿ ಅಚ್ಚರಿಪಡಬಹುದು. ಬಳಿಕ ಹಲಗೆಗೆ ಒದ್ದೆ ಎರೆಮಣ್ಣನ್ನು ಬಳಿದು ನೋಡಿರಿ. ತೊಗರಿಯ ಹೊಟ್ಟನ್ನು ಹರಡಿ ನೋಡಿರಿ. ಕೊನೆಗೆ ತೊಗರಿಯ ಕಾಳನ್ನೇ ಒಂದು ಹಿಡಿ ಚೆಲ್ಲಿ ನೋಡಿರಿ. ಕಾಳಿನ ಮೇಲೆ ಟೈರು ಜಾರುವುದಿಲ್ಲ, ಉರುಳುತ್ತದೆ. ಹಲಗೆಯನ್ನು ಬಹಳ ಎತ್ತಬೇಕಾಗುವುದಿಲ್ಲ. ಒಂದೊಂದನ್ನೂ ಹತ್ತು ಹತ್ತು ಸಲ ಮಾಡಿ ಸರಾಸರಿ ತೆಗೆದು, ಮೇಲಿನ ಬ್ರೇಕಿನ ಲೆಕ್ಕದಲ್ಲಿ 0.2ರ ಬದಲು ನಿಮ್ಮ ಅಂಕಿಯನ್ನು ಹಾಕಿರಿ. ಹಲಗೆಯನ್ನು ಎತ್ತುವವರು ಅದರ ಕೆಳತುದಿಯಲ್ಲಿ ಯಾರೂ ಕಾಲಿಟ್ಟು ನಿಲ್ಲದಂತೆ ನೋಡಿಕೊಳ್ಳಬೇಕು.