ಶಿಬಿರದ ಬೆಂಕಿಯೂ ಬಾಹುಬಲಿಯ ಬೆಟ್ಟವೂ

ಎಳೆಯ ಮಕ್ಕಳೊಡನೆ ಗುಡಾರ ಹೂಡಿ ಕಾರ್ಕಳ, ವೇಣೂರುಗಳನ್ನು ದರ್ಶಿಸುವ ಶ್ರಾವಕ ಕುಟುಂಬಗಳು ಇಂದು ಉಂಟು. ಸಂತೋಷವೇ. ಆದರೆ ಹಗಲಿನಲ್ಲಿ ಕಾರ್ಕಳದ 1432ರ ಬಾಹುಬಲಿಗೆ ಕೈಮುಗಿದು, ಇರುಳಿನಲ್ಲಿ ಬೆಂಕಿಯ ಸುತ್ತ ಕುಳಿತು ಉಣ್ಣುವುದು ಎಂತಹ ಯಾತ್ರೆ? ಆ ಜ್ವಾಲೆಗೆ ಬಿದ್ದು ಸಾಯುವ ಹುಳುಗಳನ್ನು ಮಗು ಕಾಣುವುದಿಲ್ಲವೇ? ಅಹಿಂಸೆಯನ್ನು ಅದು ಕಲಿಯುವುದು ನಮ್ಮ ನಡತೆಯಿಂದ.

ಬೆಂಕಿಯಿಲ್ಲದೆ ಮಕ್ಕಳಿಗೆ ಬೇಸರವೆಂಬುದು ಹಿರಿಯರ ನೆಪ. ಸೂರ್ಯಾಸ್ತಕ್ಕೆ ಮುನ್ನ ಉಂಡು, ದೀಪವಾರಿಸಿ ನಕ್ಷತ್ರ ನೋಡುವ ಮಗುವಿಗೆ ಬೇಸರವೆಲ್ಲಿಯದು? ಮುಂಜಾನೆ ಅದು ಬರಿಗಾಲಿನಲ್ಲಿ ಬಂಡೆಯೇರಲಿ. ಬಳ್ಳಿ ಹಬ್ಬಿದರೂ ಕದಲದೆ ನಿಂತವನ ಕಥೆಯನ್ನು ಆತನ ಪಾದದ ಬಳಿಯೇ ಕೇಳಲಿ.

ಬಸದಿಗಳ ಆಡಳಿತ ಮಂಡಳಿಯವರಲ್ಲಿಯೂ ಒಂದು ಬಿನ್ನಹ. ಎಳೆಯರು ಬರುತ್ತಿಲ್ಲವೆಂದು ಕೊರಗುವ ನಾವು, ಬಂದವರನ್ನು ಗದರಿಸಿ ಕಳುಹಿಸುವುದು ನ್ಯಾಯವೇ? ಅವರಿಗೆ ತಂಗಲು ಅಂಗಳವನ್ನೂ ಹೊತ್ತು ಮುಳುಗುವ ಮುನ್ನ ಊಟವನ್ನೂ ಕೊಡಿರಿ. ಆಮೇಲೆ ಬೆಂಕಿ ಹಚ್ಚಿದವರನ್ನು ಕೇಳುವ ಹಕ್ಕು ನಮಗಿರುತ್ತದೆ.