‘ಬರೀ ಟ್ರಾನ್ಸ್‌ಪೈಲರ್’ ಅಂತೀರಲ್ಲ, ಒಳಗೆ ನೋಡಿದ್ದೀರಾ? (ಭಾಗ 3)

ವೈವಾದಲ್ಲಿ ನಮ್ಮ ಕ್ಲಾಸಿನವಳೊಬ್ಬಳ ಪ್ರಾಜೆಕ್ಟಿಗೆ ಸಿಕ್ಕ ಮಾತು: “ಇದು ಕಂಪೈಲರ್ರೇ ಅಲ್ಲ, ಬರೀ ಫೈಂಡ್-ರಿಪ್ಲೇಸ್.” ನಾವೂ ನಕ್ಕುಬಿಟ್ವಿ. ನಕ್ಕಿದ್ದು ತಪ್ಪು.

ಬೇಬಲ್ ತಗೊಳ್ಳಿ. ಹೊಸ ಜಾವಾಸ್ಕ್ರಿಪ್ಟನ್ನು ಹಳೇ ಬ್ರೌಸರಿಗೆ ಅರ್ಥವಾಗೋ ಹಾಗೆ ಬದಲಿಸುತ್ತೆ. ಆರೋ ಫಂಕ್ಷನ್ ಒಳಗಿನ ‘ದಿಸ್’ ಹೊರಗಿನಿಂದ ಬರುತ್ತೆ. ಮಾಮೂಲಿ ಫಂಕ್ಷನ್ನಿಗೆ ಅದರದ್ದೇ ‘ದಿಸ್’. ಸುಮ್ನೆ ಪದ ಬದಲಿಸಿದ್ರೆ ಪ್ರೋಗ್ರಾಮಿನ ಅರ್ಥವೇ ಕೆಡುತ್ತೆ. ಅದಕ್ಕೇ ಬೇಬಲ್ ಕೋಡನ್ನು ಪಾರ್ಸ್ ಮಾಡಿ, ಸಿಂಟ್ಯಾಕ್ಸ್ ಟ್ರೀ ಕಟ್ಟಿ, ಹೊರಗಿನ ‘ದಿಸ್’ನ ಒಂದು ವೇರಿಯಬಲ್ಲಿನಲ್ಲಿ ಎತ್ತಿಟ್ಟು, ಆಮೇಲೆ ಹೊಸ ಕೋಡ್ ಬರೆಯುತ್ತೆ. ಇದು ಕಂಪೈಲರ್ ಅಲ್ಲದಿದ್ರೆ ಇನ್ಯಾವುದು?

ಮೆಷಿನ್ ಕೋಡ್ ಬಂದ್ರೇನೇ ಕಂಪೈಲರ್ರಾ? ಹಾಗಾದ್ರೆ ಸಿ ಪ್ಲಸ್ ಪ್ಲಸ್‌ನ ಮೊದಲ ಕಂಪೈಲರ್ ಸಿಫ್ರಂಟನ್ನೂ ಹೊರಗಿಡಿ. ಅದು ಕೊಡ್ತಿದ್ದದ್ದು ಸಿ ಕೋಡ್!

ಬೇಬಲ್ ಶುರುವಾಗಿದ್ದು 2014ರಲ್ಲಿ, ‘ಸಿಕ್ಸ್ ಟು ಫೈವ್’ ಅನ್ನೋ ಹೆಸರಲ್ಲಿ. ಬರೆದ ಸೆಬಾಸ್ಟಿಯನ್ ಮೆಕೆಂಜಿ ಆಗ ಆಸ್ಟ್ರೇಲಿಯಾದ ಹೈಸ್ಕೂಲ್ ಹುಡುಗ. ಅದರ ಸೋರ್ಸ್ ಇವತ್ತಿಗೂ ಎಲ್ಲರಿಗೂ ತೆರೆದಿದೆ. ಎಂಜಿನಿಯರಿಂಗ್ ಓದೋ ನಾವು ಮಾತ್ರ ಒಂದು ಫೈಲೂ ತೆರೆಯದೆ ತೀರ್ಪು ಕೊಡ್ತೀವಿ.

ಅವಳ ಹತ್ರ ನಾನು ಸಾರಿ ಕೇಳಿದೆ. ನೀವು ಮೊದಲು ಆ ಕೋಡ್ ಓದಿ. ಆಮೇಲೂ ನಗು ಬಂದ್ರೆ ನಗಿ.